ಪಂಕ್ತಿಯಿಂದ ಎದ್ದ ದೊರೆ

ಆಶ್ವಯುಜ ಶುದ್ಧ ತದಿಗೆ, ಬುಧವಾರ. ಬೆಳಿಗ್ಗೆ ಮೋಡ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ, ಮಕ್ಕಳೇ.

ನಾಲ್ಕು ಸೀಮೆ ಕೂಡುವ ಗುಡ್ಡದ ಮೇಲೆ ಒಂದು ಕೋಟೆ. ಬಾಗಿಲಿಗೆ ನಾಲ್ಕು ಬೀಗ. ರಾಗಿದುರ್ಗದ ದೊರೆಗೆ ಒಂದು ಬೀಗದ ಕೈ, ಎಳ್ಳುಗುಡ್ಡದ ದೊರೆಗೆ ಒಂದು, ಸಾಸಿವೆಗಡಿಯ ರಾಣಿ ಹೊನ್ನಾಜಮ್ಮನಿಗೆ ಒಂದು. ನಾಲ್ಕನೆಯದು ಕುಂಬಳಪುರದ ಗಜಮಲ್ಲನಿಗೆ. ಅವನ ಸೀಮೆ ಉಳಿದ ಮೂರೂ ಸೇರಿದಷ್ಟು ದೊಡ್ಡದು. ಕಡಲಿನ ಉಪ್ಪು ಬರುವ ದಾರಿಯೂ ಅವನದೇ.

ಒಬ್ಬರಿಗೆ ಕೇಡು ಬಂದರೆ ನಾಲ್ವರೂ ನಿಲ್ಲಬೇಕೆಂದು ಹಿರಿಯರು ಕಟ್ಟಿದ ಕೂಟ ಅದು. ವರ್ಷಕ್ಕೊಮ್ಮೆ ಒಳಗಿನಿಂದ ಬೀಗ ಹಾಕಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ನಡುವೆ ಎದ್ದವನು ಎಲ್ಲರ ಎಲೆ ಎತ್ತಬೇಕು. ಅದು ಕಟ್ಟಳೆ.

ಆ ದಿನ ಸಾರು ಬಡಿಸುವಾಗಲೇ ಗಜಮಲ್ಲ ಎದ್ದ.

"ನಿಮ್ಮ ಕೂಟ ಸಾಕು. ಇನ್ನು ನನ್ನ ದಂಡು ಬರೋದಿಲ್ಲ, ದವಸ ಬರೋದಿಲ್ಲ."

"ಹೋಗಪ್ಪ, ಬೇಡ ಅಂದವರಾರು?" ಎಂದಳು ಹೊನ್ನಾಜಮ್ಮ.

"ನನ್ನ ಸೀಮೆಗೆ ಹೋಗುವ ಕಣಿವೆಯನ್ನು ಮಾತ್ರ ನೀವು ಮೊದಲಿನಂತೆ ಕಾಯಬೇಕು. ಹಾಂ, ಒಂದು ಕೊಡ ಪಾಯಸ ಹಿಂದೆಯೇ ಕಳಿಸಿ."

ಅದನ್ನು ಕೇಳಿ ಹೊನ್ನಾಜಮ್ಮ ತನ್ನ ಬೀಗದ ಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಳು, ಉಳಿದಿಬ್ಬರೂ ಹಾಗೇ ಮಾಡಿದರು.

ಗಜಮಲ್ಲ ತನ್ನ ಬೀಗ ತೆಗೆದ. ಉಳಿದ ಮೂರನ್ನು ತೆಗೆಯುವವರಾರು? ಪಂಕ್ತಿಗೆ ಮರಳಿದ. ರಾಗಿದುರ್ಗದವನ ಕಿವಿಗೆ ಬಗ್ಗಿದ: "ಬೀಗ ತೆಗಿ. ಇನ್ನು ಉಪ್ಪು ನಿನಗೊಬ್ಬನಿಗೇ." ಅವನ ಕೈ ಸೊಂಟಕ್ಕೆ ಹೋಯಿತು. ಎಳ್ಳುಗುಡ್ಡದವನಿಗೂ ಬಗ್ಗಿದ: "ಉಪ್ಪು ನಿನಗೊಬ್ಬನಿಗೇ." ಆ ಕೈಯೂ ಸೊಂಟಕ್ಕೆ ಹೋಯಿತು. ಕಡೆಗೆ, "ಅಕ್ಕಾ, ಉಪ್ಪು ನಿನಗೊಬ್ಬಳಿಗೇ." ಹೊನ್ನಾಜಮ್ಮ ತನ್ನ ಊರಿನ ಮಕ್ಕಳನ್ನು ನೆನೆದಳು, ಅವರ ಮುಂದೆ ಸಪ್ಪೆ ಗಂಜಿ. ಅವಳ ಕೈಯೂ ಹೋಯಿತು.

ಹಿಂದೆಯೇ ಬಡಿಸುತ್ತ ಬಂದ ಸೌಟಿನ ಈರಣ್ಣನಿಗೆ ಮೂರೂ ಮಾತು ಕೇಳಿಸಿದ್ದವು. ಗಜಮಲ್ಲನನ್ನು ಗಟ್ಟಿಯಾಗಿ ಕೇಳಿದ:

"ಬುದ್ಧೀ, ನಲವತ್ತು ವರ್ಷದಿಂದ ಬಡಿಸ್ತಿದೀನಿ. ಒಬ್ಬರಿಗೇ ಅಂತ ಇರೋ ಉಪ್ಪನ್ನ ಮೂರು ಎಲೆಗೆ ಬಡಿಸೋ ವಿದ್ಯೆ ನನಗಿನ್ನೂ ಬಂದಿಲ್ಲ. ಹೇಳಿಕೊಡ್ತೀರಾ?"

ಮೂವರೂ ಮುಖ ನೋಡಿಕೊಂಡರು. ಮೂರು ಕೈ ಸೊಂಟದಿಂದ ಈಚೆ ಬಂದವು. ಮೊದಲು ನಾಚಿಕೆ, ಅದರ ಬೆನ್ನಿಗೇ ಸಿಟ್ಟು.

"ಏಳೋದು ನಿನ್ನಿಷ್ಟ, ಗಜಮಲ್ಲ," ಎಂದಳು ಹೊನ್ನಾಜಮ್ಮ. "ಎದ್ದವನು ನಮ್ಮನ್ನೂ ಒಡೆದು ಹೋಗ್ತೀಯಾ? ಸಾಸಿವೆ ಕಾಳು ಅಂದುಕೊಂಡೆಯಾ? ಹೌದು, ಸಾಸಿವೆಯೇ. ಕಾದ ಎಣ್ಣೆಗೆ ಬಿದ್ದರೆ ಸಿಡಿಯೋದು ಸಾಸಿವೆ ಕಣೋ, ಕುಂಬಳಕಾಯಲ್ಲ! ಗೋಡೆ ಹತ್ತಿ ಹೊರಗೆ ನಿಂತ ನಿನ್ನ ಸುಂಕದವರಿಗೆ ಕೂಗಿ ಹೇಳು, ಉಪ್ಪಿನ ದಾರಿ ಮೂವರಿಗೂ ಅಂತ. ಆಮೇಲೆ ಕಟ್ಟಳೆ ತೀರಿಸು, ಬೀಗ ತೆಗೀತೀವಿ."

"ದಂಡು ಕರೆಸ್ತೀನಿ!"

"ಕರೆಸು. ಅದು ಬರೋ ಕಣಿವೆಯನ್ನ ನಾವೇ ಕಾಯಬೇಕು ಅಂದೆಯಲ್ಲ? ಕಾಯ್ತೀವಿ."

ಈರಣ್ಣ ಮೂರು ಎಲೆಗೆ ಪಾಯಸ ಬಡಿಸಿದ. ಮೂವರೂ ನಿಧಾನವಾಗಿ ಉಂಡರು. ಬಿಸಿಲು ಇಳಿಯಿತು. ಗಜಮಲ್ಲ ಗೋಡೆ ಹತ್ತಿ ಕೂಗಿದ. ಇಳಿದು ಬಂದು ಎಲೆ ಎತ್ತಲು ಬಗ್ಗಿದ.

ಕೂಟ ಬಿಡುವುದು ತಪ್ಪಲ್ಲ, ಮಕ್ಕಳೇ. ಬಿಡುತ್ತ ಉಳಿದವರನ್ನು ಒಡೆಯುವುದು ತಪ್ಪು. ಚಿಕ್ಕವರು ಒಬ್ಬೊಬ್ಬರಾಗಿ ಕೈ ಚಾಚಿದರೆ ತಿರುಕರು, ಒಟ್ಟಿಗೆ ಕೂತರೆ ಪಂಕ್ತಿ.

ಗಜಮಲ್ಲ ಕೊನೆಗೆ ತೆತ್ತದ್ದೇನು ಅನ್ನುತ್ತೀರಾ? ಒಂದು ಉಪ್ಪಿನ ದಾರಿ, ನಾಲ್ಕು ಎಂಜಲೆಲೆ. ಆ ನಾಲ್ಕರಲ್ಲಿ ಪಾಯಸ ಕಾಣದ ಎಲೆ ಅವನದೊಂದೇ.