ಹೊಸ್ತಿಲಲ್ಲಿ ಕೂತ ಓರ್ಲಾ

ಪಡುವಣ ಕಡಲು ದಾಟಿ, ಅದರಾಚೆಯ ಕಡಲನ್ನೂ ದಾಟಿದರೆ, ಮಂಜು ಹೊದ್ದು ಮಲಗಿದ ಒಂದು ಹಸಿರು ದ್ವೀಪ ಇತ್ತಂತೆ. ಆ ದ್ವೀಪದಲ್ಲಿ ಒಂದು ಊರು. ಊರ ಮುಂದೆ ಒಂದು ಬಾವಿ, ಬಾವಿಯ ಪಕ್ಕ ಒಂದು ಮುಳ್ಳಿನ ಮರ. ಬಾವಿಯೊಳಗೆ ತಾಯಿ ಇದ್ದಾಳೆ ಅಂತ ಅಲ್ಲಿಯ ಜನ ನಂಬಿದ್ದರು. ಕಷ್ಟ ಬಂದವರು ಉಟ್ಟ ಬಟ್ಟೆಯಲ್ಲಿ ಒಂದು ಚೂರು ಹರಿದು ಆ ಮರಕ್ಕೆ ಕಟ್ಟಿ ಕೈಮುಗಿಯುತ್ತಿದ್ದರಂತೆ. ನಾವು ಇಲ್ಲಿ ಅಮ್ಮ ಅಂತೀವಿ, ಅವರು ಅಲ್ಲಿ ಬಾವಿತಾಯಿ ಅಂದರು. ಓಗೊಡುವವಳು ಅವಳೇ ತಾನೆ.

ಆ ಊರಲ್ಲಿ ಹೆತ್ತವರಿಲ್ಲದ ಅಕ್ಕತಂಗಿಯರು ಇದ್ದರಂತೆ. ಅಕ್ಕ ಓರ್ಲಾ, ತಂಗಿ ಕೀವಾ. ಓರ್ಲಾ ಬಲು ಅಂಜುಬುರುಕಿ. ಬಾತುಕೋಳಿ ಅಟ್ಟಿಸಿಕೊಂಡು ಬಂದರೂ ಮರ ಹತ್ತುವವಳು.

ಹೊಳೆಯಾಚೆ ಕೋಟೆಯಲ್ಲಿ ಡೋನಲ್ ಅನ್ನುವ ದೊರೆ. ಯಾವ ಊರೂ ತನಗೆ ತಿರುಗಿ ಬೀಳಬಾರದು ಅಂತ ಊರಿಗೊಂದು ಮಗುವನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದ. ಈ ಊರಿಗೆ ಬಂದ ಸವಾರರು, ಅಡ್ಡ ಬರುವವರು ಯಾರೂ ಇಲ್ಲದ ಮನೆ ಯಾವುದು ಅಂತ ಹುಡುಕಿ, ನಾಲ್ಕು ವರ್ಷದ ಕೀವಾಳನ್ನು ಕುದುರೆಯ ಮೇಲೆ ಎತ್ತಿಕೊಂಡರು. ಓರ್ಲಾ ಓಡಿಹೋಗಿ ಹಿಟ್ಟಿನ ಗುಡಾಣದ ಹಿಂದೆ ಅಡಗಿದ್ದಳು. ತಂಗಿ "ಅಕ್ಕಾ" ಅಂತ ಕೂಗಿದ್ದು ಕೇಳಿಸಿತು. ಆಮೇಲೆ ಬರೀ ಗೊರಸಿನ ಸದ್ದು. ಆಮೇಲೆ ಅದೂ ಇಲ್ಲ.

ಓರ್ಲಾ ಮುಳ್ಳಿನ ಮರಕ್ಕೆ ಬಟ್ಟೆ ಕಟ್ಟಿ ಅತ್ತಳು. ನೀರಿಗೆ ಬಂದ ಹೆಂಗಸರು ಹೇಳಿದರು: "ಅಳಬೇಡ ಕಣೆ. ಸಮುದ್ರದ ಬಂಡೆ ಮೇಲೆ ಮುರೀನಜ್ಜಿ ಇದ್ದಾಳೆ, ಹೋಗು." ಆ ದ್ವೀಪದ ದೊಡ್ಡ ದೊಡ್ಡ ವೀರರಿಗೆಲ್ಲ ಕತ್ತಿವರಸೆ ಕಲಿಸಿದವಳು ಆ ಮುದುಕಿಯಂತೆ. ಆ ನಾಡಲ್ಲಿ ಗಂಡಸರಿಗೆ ಯುದ್ಧ ಕಲಿಸುತ್ತಿದ್ದವರು ಹೆಂಗಸರು.

ಓರ್ಲಾ ಹೋದಾಗ ಅಜ್ಜಿ ಮೇಕೆಯ ಹಾಲು ಕರೆಯುತ್ತಿದ್ದಳು.

"ಕತ್ತಿ ಹಿಡಿಯೋದು ಕಲಿಸಿ ಅಜ್ಜಿ. ನನ್ನ ತಂಗೀನ ಕರ್ಕೊಂಡು ಬರಬೇಕು."

"ಕತ್ತಿ ಹಿಡಿಯೋದನ್ನ ಈ ಮೇಕೆಗೂ ಕಲಿಸಬಲ್ಲೆ. ನಿನಗೇನು ಬರಲ್ಲ, ಅದು ಹೇಳು."

ಓರ್ಲಾ ನೆಲ ನೋಡಿದಳು. "ಇದ್ದ ಕಡೆ ಇರೋದಕ್ಕೆ ಬರಲ್ಲ. ಹೆದರಿಕೆ ಆದರೆ ಓಡಿಹೋಗ್ತೀನಿ."

ಅಜ್ಜಿ ನಗಲಿಲ್ಲ. ಬಿಸಿ ಹಾಲನ್ನು ಮೊದಲು ಅವಳಿಗೇ ಕೊಟ್ಟಳಂತೆ.

ಒಂದು ವರ್ಷ ಕತ್ತಿ ಕಲಿಸಿದಳು. ಕಲಿತಳು. ಇನ್ನೊಂದು ವರ್ಷ ಈಟಿ ಕಲಿಸಿದಳು. ಕಲಿತಳು. ಮೂರನೆಯ ವರ್ಷ, "ಬಾ, ಈಗ ಕೂರೋದು ಕಲಿ" ಅಂದಳು.

"ಕೂರೋದಾ? ನಮ್ಮೂರ ಮುದುಕರಿಗೆಲ್ಲ ಬರುತ್ತಲ್ಲ ಅಜ್ಜಿ."

"ಹಾಗಾದರೆ ನಿನಗೂ ಸುಲಭ. ಕೂರು."

ಕಡಲಂಚಿನ ಕಲ್ಲಿನ ಮೇಲೆ ಕೂರಿಸಿದಳು. ಕಡಲು ಉಕ್ಕಿ ಭರತ ಏರಿತು. ನೀರು ಪಾದ ಮುಟ್ಟಿತು, ಓರ್ಲಾ ಎದ್ದು ಓಡಿದಳು. ಮರುದಿನ ಮೊಣಕಾಲು ಮುಟ್ಟಿತು, ಓಡಿದಳು. ಸೊಂಟ ಮುಟ್ಟಿದ ದಿನ ಅಳುತ್ತಾ ಓಡಿಬಂದು, "ಎದೆ ಹೊಡ್ಕೊಳ್ಳುತ್ತೆ ಅಜ್ಜಿ, ನನ್ನ ಕೈಲಾಗಲ್ಲ" ಅಂದಳು.

ಅಜ್ಜಿ ಅವಳ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಮುದುಕಿಯ ಎದೆಯೂ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು. "ನೀರು ಕಂಡರೆ ನನಗೂ ಇವತ್ತಿಗೂ ಹೀಗೇ. ಹೊಡ್ಕೊಳ್ಳಲಿ ಬಿಡು, ಅದರ ಕೆಲಸ ಅದು. ಕೂರುವಾಗ ಪಕ್ಕದಲ್ಲಿ ಇಷ್ಟು ಜಾಗ ಬಿಟ್ಟು ಕೂರು. ಬಾವಿತಾಯಿ ಬಂದು ಕೂರ್ತಾಳೆ."

ಓರ್ಲಾ ಜಾಗ ಬಿಟ್ಟು ಕೂತಳು. ನೀರು ಎದೆಯವರೆಗೆ ಬಂತು. ಇಳಿದುಹೋಯಿತು. ಅವಳು ಅಲ್ಲೇ ಇದ್ದಳು.

ಅಜ್ಜಿಯ ಕಾಲಿಗೆ ಬಿದ್ದು, ಕತ್ತಿ ತೆಗೆದುಕೊಂಡು, ಓರ್ಲಾ ಡೋನಲನ ಕೋಟೆಗೆ ನಡೆದಳು. ಹೊಳೆಯ ಹತ್ತಿರ ಒಬ್ಬ ಕಾವಲುಗಾರ ಅಡ್ಡ ಬಂದ, ಸೋತ. ಕೋಟೆಯ ಹತ್ತಿರ ಇನ್ನೊಬ್ಬ ಬಂದ, ಅವನೂ ಸೋತ. ಅಷ್ಟರಲ್ಲಿ ಕೀವಾಳ ಅಕ್ಕ ಬಂದಿದ್ದಾಳೆ ಅಂತ ತಿಳಿದು ದೊರೆ ಅರಮನೆಯ ಬಾಗಿಲು ಹಾಕಿಸಿ ಮಾಳಿಗೆಯಿಂದ ಕೂಗಿದ:

"ಬಾಗಿಲು ಕಡಿತೀಯೇನೇ ಹುಡುಗಿ? ಕಡಿ. ಮಗು ಒಳಗಿದೆ, ನೆನಪಿರಲಿ."

ಓರ್ಲಾಳ ಎದೆ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ ಅಂತ ಬಿಟ್ಟಳು. ಕತ್ತಿಯನ್ನು ನೆಲಕ್ಕಿಟ್ಟು, ಪಕ್ಕದಲ್ಲಿ ಇಷ್ಟು ಜಾಗ ಬಿಟ್ಟು, ಹೊಸ್ತಿಲ ಮುಂದೆ ಕೂತಳು.

"ನನ್ನ ತಂಗೀನ ಕೊಡೋವರೆಗೂ ಈ ಬಾಗಿಲಲ್ಲಿ ಉಪವಾಸ ಕೂತಿರ್ತೀನಿ" ಅಂದಳು.

ದೊರೆಯ ಮುಖ ಬಿಳಿಚಿಕೊಂಡಿತು. ಯಾಕೆ ಗೊತ್ತೇ? ಆ ನಾಡಿನಲ್ಲಿ ಒಂದು ಕಟ್ಟಳೆ ಇತ್ತಂತೆ. ಅನ್ಯಾಯ ಆದವರು ಬಾಗಿಲಲ್ಲಿ ಉಪವಾಸ ಕೂತರೆ ಮನೆಯ ಯಜಮಾನ ಉಣ್ಣುವ ಹಾಗಿಲ್ಲ. ಉಂಡರೆ ಆಮೇಲೆ ಅವನ ಕೈಯ ನೀರನ್ನು ಯಾರೂ ಮುಟ್ಟುವುದಿಲ್ಲ. ಆದರೆ ಕೂತವರ ಬಾಯಿಗೆ ಒಂದು ತುತ್ತು ಹೋದರೂ ಅವರ ಮಾತು ಬಿದ್ದುಹೋಯಿತು, ಎದ್ದು ಹೋಗಬೇಕು.

ಡೋನಲನೋ ಹೊಟ್ಟೆಬಾಕ. ಒಂದು ದಿನ ತಡೆದ. ಎರಡನೆಯ ದಿನ ಅಡುಗೆಮನೆಯ ಸುತ್ತ ಸುಳಿದಾಡಿದ. ಮೂರನೆಯ ದಿನ ಒಂದು ಕುತಂತ್ರ ಹೊಳೆಯಿತು. ಕೀವಾಳನ್ನು ಕರೆದು, ಬಿಸಿ ಜವೆಗೋಧಿ ರೊಟ್ಟಿ ಕೈಗಿಟ್ಟು, "ಬಾಗಿಲಲ್ಲಿ ಯಾರೋ ಹಸಿದು ಕೂತಿದ್ದಾರೆ, ಪಾಪ. ಕೊಟ್ಟು ಬಾ" ಅಂದ.

ಬಾಗಿಲು ತೆರೆಯಿತು. ಏಳು ವರ್ಷದ ಹುಡುಗಿ ಬಂದಳು. ಅವಳಿಗೆ ಅಕ್ಕನ ಗುರುತು ಹತ್ತಲಿಲ್ಲ. ಅಕ್ಕನಿಗೆ ಹತ್ತದೇ ಇರುತ್ತದೆಯೇ?

"ತಗೊಳ್ಳಿ, ತಿನ್ನಿ. ಬಿಸಿ ಇದೆ."

ಭರತದ ನೀರು ಇಷ್ಟು ಕಷ್ಟ ಕೊಟ್ಟಿರಲಿಲ್ಲ. ಓರ್ಲಾ ರೊಟ್ಟಿಯನ್ನು ಎರಡೂ ಕೈಯಲ್ಲಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಕಟ್ಟಿದಳು.

ಮಗು ಸೆರಗಿನ ಗಂಟು ಮುಟ್ಟಿ ನೋಡಿತು. "ನಾನು ಕೊಟ್ಟಿದ್ದು ಬೇಡವಾ?"

"ಬೇಕು ಪುಟ್ಟಿ. ಬೇಕು ಅಂತಲೇ ಕಟ್ಟಿಕೊಂಡೆ. ನನ್ನ ತಂಗಿ ಜೊತೆ ಮನೆಗೆ ಹೋಗಿ ತಿಂತೀನಿ. ಅವಳನ್ನು ಎತ್ತಿಕೊಂಡು ಹೋದ ದಿನ ಓಡಿಹೋಗಿದ್ದೆ. ಇವತ್ತು ಏಳಲ್ಲ."

ಮಗು ಪಕ್ಕದ ಜಾಗ ತೋರಿಸಿ, "ಇಲ್ಲಿ ಯಾರು ಕೂರ್ತಾರೆ?" ಅಂದಿತು.

"ತಾಯಿ ಬರ್ತಾಳೆ ಅಂತ ಬಿಟ್ಟಿದ್ದೀನಿ."

"ಅವಳು ಬರೋವರೆಗೂ ನಾನು ಕೂರಲಾ?"

ಕೂತುಬಿಟ್ಟಿತು. ಊಟಕ್ಕೆ ಕರೆದರೆ, "ಇವರು ತಿಂದಾಗ ತಿಂತೀನಿ" ಅಂದಿತಂತೆ. ತಾಯಿ ಬಂದಳೋ, ಮಗು ಬಂತೋ, ನಾವು ಹೇಗೆ ಬೇರೆ ಮಾಡಿ ಹೇಳೋಣ.

ಮಗು ಹಸಿದು ಕೂತಿದೆ ಅಂತ ಕೇಳಿ ದೊರೆಯ ಮುದುಕಿ ತಾಯಿ ಕೋಲೂರಿಕೊಂಡು ಬಂದು ಮೂರನೆಯವಳಾಗಿ ಕೂತಳು.

"ಅವ್ವಾ, ನೀನೂನಾ? ಎದ್ದೇಳು. ನಿನಗೆ ಮೆತ್ತಗೆ ಗಂಜಿ ಮಾಡಿಸಿದ್ದೀನಿ."

"ಹಲ್ಲಿಲ್ಲದ ಬಾಯಿಗೂ ನಾಚಿಕೆ ಇರುತ್ತೆ ಕಣಪ್ಪ. ಆ ಗಂಜೀನ ನೀನೇ ಕುಡಿ, ಕುಡಿಯೋ ಧೈರ್ಯ ಇದ್ದರೆ."

ದೊರೆ ಗಂಜಿಯ ಬಟ್ಟಲು ಹಿಡಿದು ನಿಂತ. ಗಂಜಿ ಆರಿತು, ಕೆನೆಗಟ್ಟಿತು. ಕೊನೆಗೆ ಬಟ್ಟಲು ಕೆಳಗಿಟ್ಟು ಹೊಸ್ತಿಲು ದಾಟಿ ಬಂದ. "ಕರ್ಕೊಂಡು ಹೋಗಮ್ಮ" ಅಂದ. ಅಷ್ಟು ಸಾಲದು ಅಂತ ಅವನ ತಾಯಿ ಕೋಲು ಎತ್ತಿ ತೋರಿಸಿದಳು. "ಎಲ್ಲ ಊರಿನ ಮಕ್ಕಳನ್ನೂ ಕಳಿಸಿಕೊಡ್ತೀನಿ" ಅಂತಲೂ ಅಂದ.

ಕೀವಾ ಓರ್ಲಾಳ ಮುಖ ನೋಡಿ, ಮೆಲ್ಲಗೆ, "ಅಕ್ಕಾ?" ಅಂದಳು.

ಅವತ್ತು ಉತ್ತರ ಕೊಡದೆ ಅಡಗಿದ್ದ ಅಕ್ಕ, "ಇಲ್ಲೇ ಇದ್ದೀನಿ ಕೀವಾ" ಅಂದಳಂತೆ.

ಊರಿಗೆ ಮರಳಿ, ಕತ್ತಿಯನ್ನು ಮುಳ್ಳಿನ ಮರಕ್ಕೆ ಒರಗಿಸಿ, ಅಕ್ಕತಂಗಿಯರು ಬಾವಿಯ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದರು. ರೊಟ್ಟಿ ಕಲ್ಲಾಗಿತ್ತು. ತಾಯಿಯ ನೀರಲ್ಲಿ ಅದ್ದಿ ಅದ್ದಿ ತಿಂದರು. ನಡುವೆ ಇಷ್ಟು ಜಾಗ ಬಿಟ್ಟು, ಅಲ್ಲೂ ಒಂದು ಚೂರು ಇಟ್ಟಿದ್ದರಂತೆ.

ಅವರ ರೊಟ್ಟಿ ಅವರಿಗೆ ಮೆತ್ತಗಾಯಿತು. ನಮ್ಮ ನಿಮ್ಮ ಪಕ್ಕದ ಜಾಗದಲ್ಲೂ ಆ ತಾಯಿ ಬಂದು ಕೂರಲಿ.