‘ಆಯ್ತು’ ಎಂಬ ಮಾತು

“ಗುರುಗಳೇ, ಒಬ್ಬನಿಗೆ ಸಂಜೆಯ ಪೂಜೆ ತಪ್ಪಿಹೋಯಿತು ಎನ್ನಿ. ಮರುದಿನ ಬೆಳಿಗ್ಗೆ ಎರಡನ್ನೂ ಸೇರಿಸಿ ಮಾಡಿದರೆ ನೇಮ ಉಳಿಯುತ್ತದೆಯೇ?”

ಹೀಗೆ ಕೇಳಿದವನು ನೇಮಕ್ಕೆ ಇಡೀ ಮಠದಲ್ಲಿ ಹೆಸರಾದ ಶಿಷ್ಯ. ಗುರುಗಳು ಬಿಲ್ವಪತ್ರೆ ಆರಿಸುತ್ತಿದ್ದರು. ಕೈ ನಿಲ್ಲಿಸಿ ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ನರ್ಸ್ ಇದ್ದಳು. ತನ್ನ ಪಾಳಿಯಲ್ಲಿ ಮದ್ದು ತಡವಾಗುವುದಿಲ್ಲ ಎಂಬುದು ಅವಳ ಹೆಮ್ಮೆ. ಅದು ಬರಿಯ ಬಾಯಿಮಾತಲ್ಲ, ದುಡಿದು ಗಳಿಸಿದ ಹೆಮ್ಮೆ. ಬೇರೆ ವಾರ್ಡಿನವರೂ ಅವಳ ಹೆಸರು ಹೇಳಿ ಹೊಸಬರನ್ನು ತಿದ್ದುತ್ತಿದ್ದರು.

ಅವಳ ವಾರ್ಡಿಗೆ ಒಬ್ಬ ಗಾರೆ ಮೇಸ್ತ್ರಿ ಬಂದ. ಕಾಲಿನ ಗಾಯ ಕೀವಾಗಿತ್ತು. ಕೀವು ಮೇಲೇರಿದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಹೊತ್ತು ಹೊತ್ತಿಗೆ ಬೀಳಬೇಕು. ಒಂದರ ಬಲ ಇಳಿಯುವ ಮೊದಲೇ ಇನ್ನೊಂದು ರಕ್ತ ಸೇರಬೇಕು.

ಒಂದು ಮಧ್ಯಾಹ್ನ ಪಾಳಿ ಬದಲಾಗುತ್ತಿತ್ತು. ಒಳಗೆ ಬಂದ ಹಿರಿಯಳು ಕಿರಿಯ ನರ್ಸನ್ನು ಕೇಳಿದಳು, “ಮೇಸ್ತ್ರಿ ಇಂಜೆಕ್ಷನ್?”

“ಆಯ್ತಕ್ಕ” ಎಂದಳು ಕಿರಿಯಳು.

ಹಾಕಿ ಹೋಗು ಎಂದು ಅಕ್ಕ ಹೇಳುತ್ತಿದ್ದಾಳೆ, ಆಗಲಿ ಎಂದು ಕಿರಿಯಳ ಅರ್ಥ. ಹಾಕಿ ಮುಗಿಯಿತು ಎಂದು ಹಿರಿಯಳ ಅರ್ಥ. ಅಷ್ಟರಲ್ಲಿ ಪಕ್ಕದ ಮಂಚದ ಮುದುಕಿ ವಾಂತಿ ಮಾಡಿಕೊಂಡಳು. ಅವಳನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಕಿರಿಯಳು ಇಂಜೆಕ್ಷನ್ ಮರೆತು ಮನೆಗೆ ಹೋದಳು.

ಸಂಜೆ ಹಿರಿಯಳ ಕಣ್ಣಿಗೆ ಮಧ್ಯಾಹ್ನ ಮೇಸ್ತ್ರಿಗೆ ಹಾಕಬೇಕಿದ್ದ ಮದ್ದಿನ ಸೀಸೆ ಬಿತ್ತು. ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಮೇಸ್ತ್ರಿಯ ಮೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಜೊತೆಯವಳು ಪಿಸುಗುಟ್ಟಿದಳು, “ಮುಂದಿನ ಸರದಿ ಹತ್ತಿರ ಬಂತಲ್ಲಕ್ಕ. ಎರಡನ್ನೂ ಸೇರಿಸಿ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?”

“ಅವನ ರಕ್ತಕ್ಕೆ ಗೊತ್ತಾಗುತ್ತಲ್ಲ” ಎಂದಳು ಹಿರಿಯಳು.

ಅವಳು ಡಾಕ್ಟರನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಈಗ ಒಂದನ್ನೇ ಹಾಕಿ, ಮುಂದಿನದನ್ನು ಈ ಹೊತ್ತಿನಿಂದ ಲೆಕ್ಕ ಹಿಡಿಯಿರಿ ಎಂದರು ಡಾಕ್ಟರು. ಹಾಗೆಯೇ ಮಾಡಿದಳು. ಹಾಕಿದ ಹೊತ್ತನ್ನೇ ಬರೆದಳು. ಆಮೇಲೆ ಮೇಸ್ತ್ರಿಗೂ ಹೇಳಿದಳು, “ನಿಮ್ಮ ಮದ್ದು ತಡವಾಯಿತು. ಕೇಳುವಾಗ ನಾನು ಬಿಡಿಸಿ ಕೇಳಲಿಲ್ಲ.”

ಮೇಸ್ತ್ರಿ ನಕ್ಕ. “ನನ್ನ ಗೋಡೆ ಸೊಟ್ಟಗಾದರೆ ನಾನು ಯಜಮಾನರಿಗೆ ಹೇಳಿದೋನಲ್ಲ ಸಿಸ್ಟರ್. ಮೇಲೆ ಗಾರೆ ಮೆತ್ತಿಬಿಡ್ತಿದ್ದೆ.”

ಆ ರಾತ್ರಿ ಅವನಿಗೆ ಜ್ವರ ಏರಿತು. ಹೊತ್ತು ತಪ್ಪಿದ್ದು ಡಾಕ್ಟರಿಗೆ ತಿಳಿದಿತ್ತು. ಆದ್ದರಿಂದ ಮದ್ದೇ ಸೋತಿತೆಂದು ಅವರು ಗಾಬರಿಯಾಗಲಿಲ್ಲ, ಅದನ್ನು ಬದಲಿಸಲೂ ಇಲ್ಲ. ಜ್ವರ ಇಳಿಯಿತು. ಕಾಲು ಉಳಿಯಿತು. ಮೇಸ್ತ್ರಿ ತನ್ನ ಎರಡು ಕಾಲ ಮೇಲೆ ನಡೆದು ಮನೆಗೆ ಹೋದ.

ಅಂದಿನಿಂದ ಆ ವಾರ್ಡಿನಲ್ಲಿ ಮದ್ದಿನ ವಿಷಯಕ್ಕೆ ಯಾರೂ ‘ಆಯ್ತು’ ಎನ್ನುವುದಿಲ್ಲ. ‘ಹಾಕಿದ್ದೇನೆ’ ಎನ್ನಬೇಕು, ಇಲ್ಲವೇ ‘ಹಾಕುತ್ತೇನೆ’ ಎನ್ನಬೇಕು. ಹಿರಿಯಳ ಹಳೆಯ ಹೆಮ್ಮೆ ಆ ಸಂಜೆಗೇ ಮುಗಿದಿತ್ತು. ಆದರೂ ಅವಳು ಮೊದಲಿಗಿಂತ ತಲೆ ಎತ್ತಿ ವಾರ್ಡಿನಲ್ಲಿ ಓಡಾಡುತ್ತಿದ್ದಳು. “ನನ್ನ ಪಾಳಿಯಲ್ಲಿ ತಡವಾದದ್ದೂ ಉಂಟು, ಅದನ್ನು ಹೇಳಿದವಳೂ ನಾನೇ” ಎಂದು ಹೊಸಬರಿಗೆ ತಾನಾಗಿಯೇ ಹೇಳುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಯಿತು. “ಹಾಗಾದರೆ ಎರಡು ಪೂಜೆ ಸೇರಿಸುವಂತಿಲ್ಲ. ಅವನಿಗೆ ಹಾಗೆಂದೇ ಹೇಳುತ್ತೇನೆ” ಎಂದು ಎದ್ದ.

ಗುರುಗಳು ಮತ್ತೆ ಬಿಲ್ವಪತ್ರೆಗೆ ಕೈ ಹಾಕುತ್ತ ಕೇಳಿದರು, “ನಿನ್ನೆ ರಾತ್ರಿ ಊಟಕ್ಕೆ ಕೂರುವಾಗ ನಾನು ‘ಪೂಜೆ?’ ಎಂದೆ, ನೀನು ‘ಆಯ್ತು’ ಎಂದೆಯಲ್ಲ, ಅದು ಯಾವ ಆಯ್ತು?”

ಎದ್ದಿದ್ದ ಶಿಷ್ಯ ಮತ್ತೆ ಕುಳಿತ.