ದೇಸಾಯಿಯ ಅಜ್ಜ ತೋಡಿದ ಬಾವಿ

‘ಈ ಬಾವಿ ನಮ್ಮಜ್ಜ ಒಬ್ಬರೇ ತೋಡಿದ್ದು. ಕೆಳಗಿನ ಕೇರಿಯವರ ಒಂದು ಬೆರಳೂ ಇದಕ್ಕ ತಾಗಿಲ್ಲ.’

ದೇಸಾಯಿ ಬಾವಿಕಟ್ಟೆಯ ಮೇಲೆ ನಿಂತು ಹೀಗೆ ಸಾರಿದಾಗ ಊರೆಲ್ಲ ಕೇಳಿಸಿಕೊಂಡಿತು. ಅಲ್ಲ ಅನ್ನುವವರು ಯಾರು? ಬಾವಿ ತೋಡಿದ ಕಾಲದವರೆಲ್ಲ ಮಣ್ಣಾಗಿ, ಆ ಮಣ್ಣಿನ ಮೇಲೆ ಎರಡು ಸಲ ಬೇವು ಬೆಳೆದು ಮುಪ್ಪಾಗಿತ್ತು.

ಊರಿನ ಫಕೀರರ ಶಿಷ್ಯ ಲಾಲಸಾಬನೂ ಅಲ್ಲಿದ್ದ. ತನ್ನ ಕಾಲಿನ ಹೆಬ್ಬೆರಳು ನೋಡುತ್ತಾ ಸುಮ್ಮನೆ ನಿಂತಿದ್ದ.

ಅಂಥ ಬಿಸಿಲು ಈಗ ಎಲ್ಲಿದೆ? ಆ ವರ್ಷ ಹಾರುವ ಕಾಗೆಯ ನೆರಳು ಕೂಡ, ನೆಲಕ್ಕೆ ಬಿದ್ದರೆ ಸುಟ್ಟೇನೆಂದು ಹೆದರಿ ಮೇಲೆಯೇ ಉಳಿಯುತ್ತಿತ್ತು. ಭೀಮಾ ಹೊಳೆ ಬತ್ತಿ ಬರೀ ಮರಳಾಗಿತ್ತು. ಊರಿಗೆ ಉಳಿದದ್ದು ಅದೊಂದೇ ಬಾವಿ. ದೇಸಾಯಿ ತನ್ನ ನಿಂಬೆತೋಟಕ್ಕೆ ನೀರು ಸಾಲದೆಂದು, ಕೆಳಗಿನ ಕೇರಿಯವರು ಇಳಿಯುವ ಕಡೆಗೆ ಜಾಲಿಮುಳ್ಳಿನ ಬೇಲಿ ಹಾಕಿಸಿಬಿಟ್ಟ.

ಆ ಕೇರಿಯವರು ಕಲ್ಲು ಒಡೆಯುವವರು, ಬಾವಿ ತೋಡುವವರು. ಅವರಲ್ಲಿ ದ್ಯಾಮವ್ವನ ಸೊಸೆ ಹೆತ್ತು ನಾಲ್ಕು ದಿನವಾಗಿತ್ತು. ಬಾಣಂತಿಯ ಮನೆಯಲ್ಲಿ ಗುಟುಕು ನೀರಿಲ್ಲ.

ಲಾಲಸಾಬ ಗುರುಗಳ ಗುಡಿಸಲಿಗೆ ಬಂದು ಎಲ್ಲವನ್ನೂ ಹೇಳಿದ.

ಗುರುಗಳೆಂದರೆ ಮಿಸ್ಕೀನ್ ಶಾ. ಮೂವತ್ತು ವರ್ಷದ ಹಿಂದೆ ಒಂದು ಕಂಬಳಿ, ಒಂದು ಬಟ್ಟಲು ಹಿಡಿದು ನಡೆದು ಬಂದ ಫಕೀರರು. ಲಾಲಸಾಬ ಹತ್ತಿ ಹಿಂಜುವ ಪಿಂಜಾರ. ಹಿಂದೆ ಸುತ್ತ ಐದೂರಿಗೆ ಅವನಂಥ ಸುಳ್ಳುಗಾರ ಇರಲಿಲ್ಲ. ಕತ್ತೆ ಮೊಟ್ಟೆಯಿಟ್ಟದ್ದನ್ನು ಕಂಡಿದ್ದೇನೆಂದು ಆಣೆ ಮಾಡಿ, ನಾಲ್ಕು ಮಂದಿಯನ್ನು ನಂಬಿಸಿಯೂ ಇದ್ದ. ಶಿಷ್ಯನಾದ ದಿನ ಗುರುಗಳು ಹೇಳಿದ್ದು ಒಂದೇ ಮಾತು: ‘ಇನ್ನ ಸುಳ್ಳು ಸಾಕು.’ ಅದಾಗಿ ಹನ್ನೆರಡು ವರ್ಷ. ಒಂದು ಸುಳ್ಳೂ ಆಡಿರಲಿಲ್ಲ, ಪಾಪ. ನಾಲಿಗೆ ತುರಿಸಿದರೆ ಕಚ್ಚಿಕೊಳ್ಳುತ್ತಿದ್ದ.

ಅಂದು ಗುರುವಾರ. ಪ್ರಾರ್ಥನೆ ಓದಿಸಿಕೊಂಡು ಹೋಗಲು ಜನ ತಂದ ಸಕ್ಕರೆಯ ಪೊಟ್ಟಣಗಳು ಗುರುಗಳ ಮುಂದೆ ಸಾಲಾಗಿದ್ದವು.

‘ಅಜ್ಜಾರ, ದುವಾ ಮಾಡ್ರಿ. ಮಳಿ ಬರಲಿ’ ಅಂದ ಲಾಲಸಾಬ.

‘ಮಳಿ ಯಾಕ?’

‘ನೀರಿಗೆ.’

‘ನೀರು ಬಾವ್ಯಾಗ ಐತಲ್ಲೋ! ಕೊಡಾಂವ ಕೊಟ್ಟಾನ. ಮುಳ್ಳು ಹಚ್ಚಿದಾಂವ ದೇಸಾಯಿ. ಮತ್ತ ಮ್ಯಾಲೆ ಕೈ ಎತ್ತಿ ನಾ ಏನಂತ ಬೇಡ್ಲಿ?’

‘ಸಕ್ಕರಿನಾದ್ರೂ ಓದ್ರಿ. ಮಂದಿ ಕುಂತಾರ.’

ಮಿಸ್ಕೀನ್ ಶಾ ಪೊಟ್ಟಣಗಳನ್ನೆಲ್ಲ ಒಂದೇ ಕೈಯಲ್ಲಿ ಪಕ್ಕಕ್ಕೆ ನೂಕಿದರು. ‘ಬಾಣಂತಿ ಗಂಟಲು ಒಣಗೇತಿ. ಸಕ್ಕರಿ ಓದಿ ಯಾರ ಬಾಯಿಗೆ ಹಾಕ್ಲಿ? ಏಳು!’

ಬಿಸಿಲಿನಲ್ಲಿ ಅವರು ಬರಿಗಾಲಲ್ಲಿ ನಡೆದರು. ಲಾಲಸಾಬ ಹಿಂದೆ ಓಡಿದ. ಸಕ್ಕರೆ ತಂದವರೂ ಎದ್ದು ಹಿಂದೆಯೇ ಬಂದರು.

ದೇಸಾಯಿ ಇನ್ನೂ ಕಟ್ಟೆಯ ಮೇಲಿದ್ದ. ಕೆಳಗೆ ದ್ಯಾಮವ್ವ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವನು ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಅಜ್ಜ ಒಬ್ಬರೇ ತೋಡಿದ್ದು, ಯಾರ ಬೆರಳೂ ತಾಗಿಲ್ಲ.

‘ಖರೇ ಐತ್ರಿ ದೇಸಾಯರ’ ಅಂದರು ಮಿಸ್ಕೀನ್ ಶಾ.

ದ್ಯಾಮವ್ವ ತಿರುಗಿ ನೋಡಿದಳು. ಲಾಲಸಾಬನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು.

‘ನನಗ ಈಗ ನೂರಾ ನಲವತ್ತು ವರ್ಷ. ಆವಾಗ ನಾ ಇಲ್ಲೇ ಇದ್ದೆ. ಕಣ್ಣಾರೆ ಕಂಡೀನಿ.’

ಗಡ್ಡ ಬೆಳ್ಳಗಿತ್ತು. ಯಾರೂ ಅಲ್ಲ ಅನ್ನಲಿಲ್ಲ.

ದೇಸಾಯಿಯ ಮುಖ ಅರಳಿತು. ‘ಹೇಳ್ರಿ ಅಜ್ಜಾರ. ಈ ಮಂದಿಗೆ ತಿಳಿಯೂಹಂಗ ಹೇಳ್ರಿ.’

‘ಏನ್ ತಾಕತ್ತು ನಿಮ್ಮಜ್ಜಂದು! ಕಬ್ಬಿಣದ ಹಾರಿ ಎತ್ತಿ ಕಲ್ಲಿಗೆ ಹೊಡದ್ರ ಹೊಳಿ ಆಚಿ ಊರಾಗ ಗಡಿಗಿ ಒಡೀತಿದ್ದವು.’

ದೇಸಾಯಿ ಮೀಸೆಯ ಮೇಲೆ ಕೈ ಇಟ್ಟ.

‘ಒಬ್ಬರೇ ನೋಡ್ರಿ. ಹಂಗಾಗಿ ಮಣ್ಣೂ ಅವರೇ ಹೊರಬೇಕಾತು. ಮೈಮ್ಯಾಲೆ ಒಂದು ಲಂಗೋಟಿ. ತಲಿಮ್ಯಾಲೆ ಬುಟ್ಟಿ. ನಲವತ್ತು ಮೆಟ್ಟಲಾ ಏರಿ ಬರೂದು, ಸುರುವೂದು, ಮತ್ತ ಇಳಿಯೂದು.’

ಮೀಸೆಯ ಮೇಲಿನ ಕೈ ನಿಂತಿತು.

‘ಮೂಗು ಕಿವಿ ಎಲ್ಲ ಕೆಸರು. ಹಾದಿಲೆ ಹೋಗೋರು ಗುರ್ತು ಸಿಗದ, ಏ ಬುಟ್ಟಿಯವನ, ನಿಮ್ಮ ಧಣಿ ಎಲ್ಲಿ ಅದಾನೋ ಅಂತ ಕೇಳೋರು. ನಿಮ್ಮಜ್ಜ ಪಾಪ ತಲಿ ಬಗ್ಗಿಸಿ...’

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು.

‘ಬಾಯಿ ಮುಚ್ಚೋ ಫಕೀರಾ!’ ದೇಸಾಯಿಯ ಕುತ್ತಿಗೆಯ ನರ ಉಬ್ಬಿತು. ‘ನಮ್ಮ ಮನೆತನದಾಗ ಯಾರೂ ಮಣ್ಣು ಹೊತ್ತಿಲ್ಲ! ನಮ್ಮಜ್ಜ ಹಾರಿ ಮುಟ್ಟಿದವರಲ್ಲ! ಬೇವಿನ ನೆರಳಾಗ ಲೋಡಿಗೆ ಆತು ಕುಂತಿದ್ರು. ಹಾರಿ ಹಾಕಾಕ, ಬುಟ್ಟಿ ಹೊರಾಕ ಅರವತ್ತು ಆಳು ಇದ್ರು!’

‘ಯಾವ ಕೇರಿ ಆಳು?’

ದೇಸಾಯಿ ಧೋತರದ ಚುಂಗು ಕೊಡವಿದ.

‘ನಮ್ಮ ಮುತ್ಯಾ’ ಅಂದಳು ದ್ಯಾಮವ್ವ.

ಅವಳು ಕೊಡ ಕೆಳಗಿಟ್ಟು ಬೇಲಿಗೆ ಕೈ ಹಾಕಿದಳು. ಜಾಲಿಮುಳ್ಳು ಅಂಗೈಗೆ ನಾಟಿತು, ಬಿಡಲಿಲ್ಲ. ಮಿಸ್ಕೀನ್ ಶಾ ಇನ್ನೊಂದು ತುದಿ ಹಿಡಿದು ಎಳೆದರು. ದೇಸಾಯಿ ತನ್ನ ಆಳುಗಳ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ಅವರ ಮುತ್ಯಾಗಳೂ ಎಲ್ಲೋ ಯಾರದೋ ಮಣ್ಣು ಹೊತ್ತವರೇ.

ದ್ಯಾಮವ್ವನ ಕೊಡ ತುಂಬಿತು. ಅವಳು ಮನೆಯ ಕಡೆ ಎಷ್ಟು ಬಿರುಸಾಗಿ ನಡೆದಳೆಂದರೆ ಹಿಂದೆ ಎದ್ದ ಧೂಳಿಗೆ ದೇಸಾಯಿಯ ಬಿಳಿ ಧೋತರ ಕೆಂಪಾಯಿತು.

ವಾಪಸು ಬರುವಾಗ ಲಾಲಸಾಬ ಅರ್ಧ ಹಾದಿಯವರೆಗೆ ಬಾಯಿ ಬಿಗಿಹಿಡಿದ. ಆಮೇಲೆ ಆಗಲಿಲ್ಲ. ಓಡಿ ಗುರುಗಳಿಗೆ ಅಡ್ಡ ನಿಂತ.

‘ನಿಮಗ ಎಪ್ಪತ್ತೂ ತುಂಬಿಲ್ಲ.’

‘ಇಲ್ಲ.’

‘ಈ ಊರಿಗೆ ಬಂದು ಮೂವತ್ತು ವರ್ಷ.’

‘ಹೌದು.’

‘ಅಂದ್ರ ಬಾವಿ ತೋಡೂದು ನೀವು ಕಂಡೇ ಇಲ್ಲ! ಬುಟ್ಟಿ, ಲಂಗೋಟಿ, ಗಡಿಗಿ ಒಡದದ್ದು, ಎಲ್ಲಾ ಸುಳ್ಳು! ಹನ್ನೆರಡು ವರ್ಷ ನನ್ನ ನಾಲಿಗಿ ಕಟ್ಟಿ ಹಾಕಿದ್ರಿ ಅಜ್ಜಾರ. ಇವತ್ತು ಊರ ಮುಂದ ನೀವೇ...’ ಅವನ ಕಣ್ಣಲ್ಲಿ ನೀರಿತ್ತು.

ಮಿಸ್ಕೀನ್ ಶಾ ಅಂಗೈಯಿಂದ ಮುಳ್ಳು ಕಿತ್ತು ಎಸೆದು, ಹೆಗಲು ಕುಣಿಸಿದರು.

‘ಇವತ್ತು ಸುಳ್ಳು ಹೇಳಿದವರು ಇಬ್ಬರು, ಲಾಲ್ಯಾ. ನೀ ಅಡ್ಡ ನಿಂತು ಕೇಳಿದ್ದು ನನ್ನೊಬ್ಬನ್ನ.’